ಡಿಸ್ಕ್ ‘ಫಾರ್ಮ್ಯಾಟ್ ಮಾಡಿ’ ಎನ್ನುತ್ತಿದೆ, ಒಳಗೆ ಮಾವನವರ ತಾಳಮದ್ದಲೆ ಇದೆ

ಶರಾವತಿ ಹಿನ್ನೀರು · ಭಾನುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮ ಮಾವನವರು ತಾಳಮದ್ದಲೆಯ ಅರ್ಥಧಾರಿಗಳಾಗಿದ್ದರು. ಮಳೆಗಾಲದಲ್ಲಿ ಊರ ಮನೆಗಳ ಜಗುಲಿಯಲ್ಲಿ ನಡೆಯುತ್ತಿದ್ದ ಕೂಟಗಳನ್ನು ಅವರೇ ಟೇಪ್ ರೆಕಾರ್ಡರ್ ಇಟ್ಟು ಹಿಡಿದಿದ್ದರು. ಒಟ್ಟು 140 ಕ್ಯಾಸೆಟ್, ಎಲ್ಲವೂ 90 ನಿಮಿಷದವು. ಅವರು ತೀರಿಕೊಂಡ ಮೇಲೆ ಎರಡು ವರ್ಷ ಕುಳಿತು ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸಿದೆ. ಬದಿಗೊಂದರಂತೆ 280 ಕಡತ. ಅವೆಲ್ಲ ಇರುವುದು 1 ಟಿಬಿಯ ಒಂದೇ ಒಂದು ಪೋರ್ಟಬಲ್ ಹಾರ್ಡ್ ಡಿಸ್ಕಿನಲ್ಲಿ.

ಮೊನ್ನೆ ಶುಕ್ರವಾರ ಸಂಜೆ ಅದಕ್ಕೆ ಮನೆಯ ಫೋಟೋಗಳನ್ನು ಹಾಕುತ್ತಿದ್ದೆ. ಗಾಳಿಮಳೆಗೆ ಕರೆಂಟು ಹೋಯಿತು. ಯುಪಿಎಸ್ ಇಲ್ಲ, ಕಂಪ್ಯೂಟರ್ ಆರಿಹೋಯಿತು. ಮರುದಿನ ಡಿಸ್ಕ್ ಜೋಡಿಸಿದರೆ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂಬ ಸಂದೇಶ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದೆ. ಗಾತ್ರ ಸರಿಯಾಗಿಯೇ ಇದೆ, ಆದರೆ ಕಡತ ವ್ಯವಸ್ಥೆಯ ಹೆಸರು ಎನ್‌ಟಿಎಫ್‌ಎಸ್ ಎಂದಿರಬೇಕಾದ ಕಡೆ ‘ರಾ’ ಎಂದು ತೋರಿಸುತ್ತಿದೆ. ಭಯದಿಂದ ಯಾವ ಗುಂಡಿಯನ್ನೂ ಒತ್ತಿಲ್ಲ.

ಬೂಷ್ಟು ಹಿಡಿದಿದ್ದ ನೂರಕ್ಕೂ ಹೆಚ್ಚು ಕ್ಯಾಸೆಟ್ಟುಗಳನ್ನು ಹೋದ ವರ್ಷ ಎಸೆದುಬಿಟ್ಟೆವು. ಅಟ್ಟದ ಟ್ರಂಕಿನಲ್ಲಿ ಮೂವತ್ತರಷ್ಟು ಉಳಿದಿರಬಹುದು. ಎರಡು ದಿನದಿಂದ ಊಟ ಸೇರುತ್ತಿಲ್ಲ. ದಾರಿ ಇದ್ದರೆ ತಿಳಿಸಿ.

ಬಾಂದುಕಲ್ಲು · ಭಾನುವಾರ ರಾತ್ರಿ 10.05

ತಂಗೀ, ಗುಂಡಿ ಒತ್ತದೆ ಇಲ್ಲಿಗೆ ಬಂದು ಕೇಳಿದಿರಲ್ಲ, ಅರ್ಧ ಕೆಲಸ ಅಲ್ಲಿಗೇ ಆಯಿತು. ನಾನು ಭೂಮಾಪನದಲ್ಲಿ ದುಡಿದು ನಿವೃತ್ತನಾಗಿ ತೀರ್ಥಹಳ್ಳಿಯಲ್ಲಿದ್ದೇನೆ. ನನ್ನ ಡಿಸ್ಕೂ ಹೀಗೇ ಆಗಿ, ಆಮೇಲೆ ಈ ವಿಷಯ ಕಲಿತವನು. ಹಾಗಾಗಿ ನನಗೆ ಗೊತ್ತಿರುವ ಭಾಷೆಯಲ್ಲೇ ಹೇಳುತ್ತೇನೆ.

ಪಹಣಿ ಹರಿದರೆ ತೋಟ ಎಲ್ಲಿಗೂ ಹೋಗುವುದಿಲ್ಲ. ಪಾರ್ಟಿಷನ್ ಎಂದರೆ ಹಿಸ್ಸೆ. ಯಾವ ಹಿಸ್ಸೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಹಳೆಯ ಪದ್ಧತಿಯ ಡಿಸ್ಕಿನಲ್ಲಿ ಮೊಟ್ಟಮೊದಲ ಸೆಕ್ಟರಿನಲ್ಲಿ, ಅಂದರೆ ಮೊದಲ ಸಣ್ಣ ತುಂಡಿನಲ್ಲಿ, ಬರೆದಿರುತ್ತಾರೆ. ಆ ಸೆಕ್ಟರ್ ಇರುವುದೇ 512 ಬೈಟ್. ಅದರಲ್ಲಿ 446 ಬೈಟ್ ಕಂಪ್ಯೂಟರನ್ನು ಎಬ್ಬಿಸುವ ಸೂಚನೆಗೆ, 64 ಬೈಟ್ ಹಿಸ್ಸೆಗಳ ಪಟ್ಟಿಗೆ, ಕೊನೆಯ 2 ಬೈಟ್ ಮುದ್ರೆಗೆ. ಹಿಸ್ಸೆಯೊಂದಕ್ಕೆ 16 ಬೈಟಿನಂತೆ ನಾಲ್ಕಕ್ಕಷ್ಟೇ ಜಾಗ. ಜಿಪಿಟಿ ಎಂಬ ಹೊಸ ಹಿಸ್ಸೆಪಟ್ಟಿಯ ಪದ್ಧತಿಯಲ್ಲಿ ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕಟ್ಟಕಡೆಯಲ್ಲಿ ಇರುತ್ತದೆ.

ನಿಮ್ಮಲ್ಲಿ ಹಿಸ್ಸೆಯ ಗಾತ್ರ ಸರಿಯಾಗಿ ಕಾಣುತ್ತಿದೆ ಎಂದಿರಿ. ಹಾಗಾದರೆ ಪಟ್ಟಿ ಕೆಟ್ಟಿಲ್ಲ. ಹಿಸ್ಸೆಯ ಒಳಗೆ ಮೊದಲ ಕಲ್ಲು ಎಂದು ನಿಲ್ಲುವ ಬೂಟ್ ಸೆಕ್ಟರ್ ಕೆಟ್ಟಿರಬೇಕು. ಎನ್‌ಟಿಎಫ್‌ಎಸ್ ಮಾಡಿದವರು ಆ ಕಲ್ಲಿನ ನಕಲನ್ನು ಹಿಸ್ಸೆಯ ಕೊನೆಯ ಸೆಕ್ಟರಿನಲ್ಲಿ ಇಟ್ಟಿದ್ದಾರೆ. ಒಂದು ಬಾಂದು ಕಿತ್ತುಹೋದರೆ ಇನ್ನೊಂದರಿಂದ ಅಳೆಯಬಹುದು. ಧೈರ್ಯವಾಗಿರಿ, ಊಟ ಮಾಡಿ.

ದುರ್ಗಿಗುಡಿ ರಿಪೇರಿ · ಭಾನುವಾರ ರಾತ್ರಿ 11.20

ಬಾಂದುಕಲ್ಲು ಅವರು ಹೇಳಿದ್ದು ಸರಿ. ಆದರೆ ಅಕ್ಕಾ, ಅಳತೆಗೆ ಇಳಿಯುವ ಮೊದಲು ನೆಲ ಗಟ್ಟಿ ಇದೆಯೇ ಎಂದು ನೋಡಬೇಕು. ಶಿವಮೊಗ್ಗದಲ್ಲಿ ಇಷ್ಟು ವರ್ಷ ಅಂಗಡಿ ನಡೆಸಿ ನಾನು ಕಂಡದ್ದು ಇದು: ಡಿಸ್ಕ್ ತಾನಾಗಿ ಕಳೆದ ಮಾಹಿತಿಗಿಂತ, ಕೆಟ್ಟ ಮೇಲೆ ನಮ್ಮ ಆತುರ ಅಳಿಸಿದ ಮಾಹಿತಿಯೇ ಹೆಚ್ಚು.

ಮೊದಲು ಡಿಸ್ಕಿಗೆ ಕಿವಿ ಕೊಡಿ. ಒಂದೇ ಸಮನೆ ಗುಯ್ಗುಡುತ್ತಿದ್ದರೆ ಸರಿ. ಟಕ್, ಟಕ್, ಟಕ್ ಎಂದು ಗಡಿಯಾರದಂತೆ ಬಡಿದು ನಿಂತುಹೋಗುತ್ತಿದ್ದರೆ ಆ ಕ್ಷಣವೇ ತಂತಿ ಕಿತ್ತಿಡಿ. ಓದುವ ತಲೆ ತಟ್ಟೆಗೆ ತಾಗುತ್ತಿದೆ ಎಂದು ಅರ್ಥವಿರಬಹುದು. ತಲೆಗೂ ತಟ್ಟೆಗೂ ನಡುವೆ ಇರುವ ಅಂತರ ಕೆಲವೇ ನ್ಯಾನೋಮೀಟರ್. ತಾಗಿದ ಮೇಲೆ ತಿರುಗಿಸಿದಷ್ಟೂ ತಟ್ಟೆ ಗೀರಿಹೋಗುತ್ತದೆ. ಅಂಥದ್ದಕ್ಕೆ ಧೂಳಿಲ್ಲದ ಕೋಣೆ ಇರುವ ಪ್ರಯೋಗಾಲಯವೇ ಬೇಕು. ನನ್ನ ಅಂಗಡಿಯಲ್ಲೂ ಆಗುವುದಿಲ್ಲ, ಮುಚ್ಚಳ ಬಿಚ್ಚಿ ಸರಿಮಾಡಿಕೊಡುತ್ತೇನೆ ಎನ್ನುವ ಯಾವ ಅಂಗಡಿಯಲ್ಲೂ ಆಗುವುದಿಲ್ಲ.

ಸದ್ದು ಸರಿಯಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯ ನೋಡಿ. 05, ಸಿ5, ಸಿ6 ಎಂಬ ಮೂರು ಸಾಲುಗಳನ್ನು ಬರೆದು ಕಳಿಸಿ. 05 ಎಂದರೆ ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರುಗಳು. ಸಿ5 ಎಂದರೆ ಓದಲಾಗದೆ ಇತ್ಯರ್ಥಕ್ಕೆ ಕಾಯುತ್ತಿರುವವು. ಸಿ6 ಎಂದರೆ ಸರಿಪಡಿಸಲಾಗದವು. ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಸಿ5. ಹಾಗೆಯೇ ಸಿ7 ಸಾಲನ್ನೂ ನೋಡಿ, ಅದೊಂದೇ ಏರುತ್ತಿದ್ದರೆ ದೋಷ ಡಿಸ್ಕಿನದ್ದಲ್ಲ, ಕೇಬಲ್ಲಿನದ್ದಿರಬಹುದು.

ಮಲೆನಾಡ ಯುವಕ · ಸೋಮವಾರ ಬೆಳಗ್ಗೆ 7.15

ಇಷ್ಟೆಲ್ಲ ಏಕೆ? ಚೆಕ್‌ಡಿಸ್ಕ್ ಓಡಿಸಿದರೆ ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ನನ್ನ ಪೆನ್‌ಡ್ರೈವ್ ಎರಡು ಬಾರಿ ಹಾಗೆಯೇ ಸರಿಹೋಗಿದೆ.

ದುರ್ಗಿಗುಡಿ ರಿಪೇರಿ · ಸೋಮವಾರ ಬೆಳಗ್ಗೆ 8.00

ತಮ್ಮಾ, ನಿನ್ನದು ಸರಿಹೋಗಿರಬಹುದು, ಅದು ಸುಳ್ಳಲ್ಲ. ಆದರೆ ಚೆಕ್‌ಡಿಸ್ಕ್ ಇರುವುದು ಕಡತ ವ್ಯವಸ್ಥೆಯ ಲೆಕ್ಕವನ್ನು ತಾಳೆ ಮಾಡುವುದಕ್ಕೆ. ತಾಳೆಯಾಗದ ನಮೂದು ಸಿಕ್ಕರೆ ಅದನ್ನು ಕತ್ತರಿಸಿ ತುಂಡುಗಳನ್ನು ‘ಫೌಂಡ್’ ಎಂಬ ಫೋಲ್ಡರಿಗೆ ಹಾಕುತ್ತದೆ. ಲೆಕ್ಕ ಸರಿಯಾಗುತ್ತದೆ, ಕಡತ ಹೋಗಿರುತ್ತದೆ. ಅದು ಮಾಡುವ ತಿದ್ದುಪಡಿಯೆಲ್ಲ ನೇರವಾಗಿ ಮೂಲ ಡಿಸ್ಕಿನ ಮೇಲೆ, ಹಿಂದಕ್ಕೆ ಪಡೆಯುವ ದಾರಿ ಇಲ್ಲ. ಡಿಸ್ಕ್ ಆರೋಗ್ಯವಾಗಿದ್ದು, ಒಳಗಿನದಕ್ಕೆ ಇನ್ನೊಂದು ಪ್ರತಿ ಇದ್ದರೆ ಧಾರಾಳವಾಗಿ ಓಡಿಸು. ಈ ಅಕ್ಕನ ಬಳಿ ಇನ್ನೊಂದು ಪ್ರತಿ ಇಲ್ಲ.

ಮಲೆನಾಡ ಯುವಕ · ಸೋಮವಾರ ಬೆಳಗ್ಗೆ 8.20

ಒಪ್ಪಿದೆ ಅಣ್ಣ. ತುಂಡು ಮಾಡುತ್ತದೆ ಎಂಬುದು ಗೊತ್ತಿರಲಿಲ್ಲ. ಅಕ್ಕಾ, ನನ್ನ ಮಾತು ಬಿಟ್ಟುಬಿಡಿ.

ಶರಾವತಿ ಹಿನ್ನೀರು · ಸೋಮವಾರ ಮಧ್ಯಾಹ್ನ 1.10

ಟಕ್ ಸದ್ದು ಇಲ್ಲ, ಒಂದೇ ಸಮನೆ ತಿರುಗುತ್ತಿದೆ. 05 ರಲ್ಲಿ ಸೊನ್ನೆ. ಸಿ5 ರಲ್ಲಿ 8. ಸಿ6 ರಲ್ಲಿ ಸೊನ್ನೆ. ಇದು ಒಳ್ಳೆಯದೋ ಕೆಟ್ಟದ್ದೋ?

ಪೆಂಗ್ವಿನ್ ಕೊಪ್ಪ · ಸೋಮವಾರ ಮಧ್ಯಾಹ್ನ 2.45

ಅಕ್ಕಾ, ನಾನು ಕೊಪ್ಪದ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವವಳು. ಸ್ವಲ್ಪ ಉದ್ದ ಬರೆಯುತ್ತೇನೆ, ನಿಧಾನವಾಗಿ ಓದಿ.

ಎಂಟು ಸೆಕ್ಟರ್ ಎಂದರೆ 8 ಗುಣಿಸು 512, ಅಂದರೆ 4096 ಬೈಟ್. ಈಗಿನ ಡಿಸ್ಕುಗಳು ಒಳಗೆ 4096 ಬೈಟಿನ ತುಂಡುಗಳಲ್ಲೇ ಬರೆಯುತ್ತವೆ. ಹಾಗಾಗಿ ಒಂದೇ ಒಂದು ತುಂಡು ಓದಲಾಗುತ್ತಿಲ್ಲ, ಅದು ಬೂಟ್ ಸೆಕ್ಟರ್ ಇರುವ ತುಂಡೇ ಆಗಿರುವ ಸಾಧ್ಯತೆ ಹೆಚ್ಚು. ಆದರೆ ಒಂದು ಕಡೆ ಸವೆದಿದ್ದರೆ ಇನ್ನೊಂದು ಕಡೆಯೂ ಸವೆದಿರಬಹುದು, ಓದಲು ಹೋದಾಗಲೇ ಅದು ತಿಳಿಯುವುದು. ಆದ್ದರಿಂದ ಮೂಲ ಡಿಸ್ಕನ್ನು ಇನ್ನು ಒಂದೇ ಒಂದು ಬಾರಿ ಓದೋಣ, ಮೊದಲಿಂದ ಕೊನೆಯವರೆಗೆ. ಸಿಕ್ಕಿದ್ದನ್ನೆಲ್ಲ ಬೇರೆ ಡಿಸ್ಕಿನಲ್ಲಿ ಒಂದು ದೊಡ್ಡ ಇಮೇಜ್ ಕಡತವಾಗಿ ಇಳಿಸಿಕೊಂಡು, ಮೂಲವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟುಬಿಡಿ. ಪ್ರಯೋಗವೆಲ್ಲ ಆ ಪ್ರತಿಯ ಮೇಲೆ.

ಬೇಕಾದದ್ದು 2 ಟಿಬಿಯ ಹೊಸ ಡಿಸ್ಕ್ ಒಂದು, 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್ ಒಂದು. ಹೊಸ ಡಿಸ್ಕ್ ಎಫ್‌ಎಟಿ32 ಆಗಿರಬಾರದು, ಅದರಲ್ಲಿ ಒಂದು ಕಡತ 4 ಜಿಬಿ ಮುಟ್ಟುವ ಹಾಗಿಲ್ಲ. ನಮ್ಮ ಇಮೇಜ್ ಒಂದೇ ಕಡತ, 1 ಟಿಬಿ. ಪೆನ್‌ಡ್ರೈವಿನಲ್ಲಿ ಉಬುಂಟು ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿಕೊಂಡು ಅದರಿಂದಲೇ ಕಂಪ್ಯೂಟರ್ ಶುರು ಮಾಡಿ. ವಿಂಡೋಸ್ ಬೇಡ, ಅದು ಕಂಡ ಡಿಸ್ಕಿಗೆಲ್ಲ ಏನಾದರೂ ಬರೆಯಲು ಹೋಗುತ್ತದೆ.

ಬಳಸುವ ತಂತ್ರಾಂಶ ಗ್ನು ಡಿಡಿರೆಸ್ಕ್ಯೂ. ಉಬುಂಟುವಿನಲ್ಲಿ ಪ್ಯಾಕೇಜಿನ ಹೆಸರಿಗೆ ಮುಂದೆ ಒಂದು ‘ಜಿ’ ಇದೆ, ಓಡಿಸುವಾಗ ಆ ‘ಜಿ’ ಇಲ್ಲ. ಇಲ್ಲಿ ಎಷ್ಟೋ ಜನ ಎಡವುತ್ತಾರೆ. ಇದರ ಗುಣವೇನೆಂದರೆ, ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಹಟ ಹಿಡಿದು ಕೂರುವುದಿಲ್ಲ. ಅದನ್ನು ಗುರುತು ಹಾಕಿಕೊಂಡು ಮುಂದೆ ಹೋಗುತ್ತದೆ, ಒಳ್ಳೆಯ ಜಾಗವನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಆಮೇಲೆ ಬಿಟ್ಟದ್ದಕ್ಕೆ ಮರಳುತ್ತದೆ. ಎಲ್ಲಿ ಓದಿದೆ, ಎಲ್ಲಿ ಬಿಟ್ಟಿದೆ ಎಂಬುದನ್ನು ಮ್ಯಾಪ್ ಎಂಬ ಸಣ್ಣ ಪಠ್ಯ ಕಡತದಲ್ಲಿ ಬರೆಯುತ್ತಾ ಹೋಗುತ್ತದೆ. ನಡುವೆ ಕರೆಂಟು ಹೋದರೂ ಆ ಮ್ಯಾಪ್ ಇದ್ದರೆ ಬಿಟ್ಟಲ್ಲಿಂದ ಮುಂದುವರಿಯಬಹುದು. ನಮ್ಮ ಕಡೆಯ ಮಳೆಗಾಲಕ್ಕೆ ಇದಕ್ಕಿಂತ ಒದಗುವ ಗುಣ ಬೇರೆ ಇಲ್ಲ. ಒಂದೇ ಎಚ್ಚರ: ಮ್ಯಾಪನ್ನು ಹೊಸ ಡಿಸ್ಕಿನಲ್ಲೇ ಇಡಿ. ಪೆನ್‌ಡ್ರೈವಿನಿಂದ ಓಡುವ ಉಬುಂಟುವಿನ ಡೆಸ್ಕ್‌ಟಾಪಿನಲ್ಲಿಟ್ಟರೆ ಅದು ಇರುವುದು ಮೆಮೊರಿಯಲ್ಲಿ, ಕರೆಂಟಿನ ಜೊತೆಗೇ ಹೋಗುತ್ತದೆ.

ಇನ್ನೊಂದು, ಇದೇ ಎಲ್ಲಕ್ಕಿಂತ ದೊಡ್ಡದು. ಯಾವುದು ಮೂಲ, ಯಾವುದು ಹೊಸದು ಎಂದು ಅದಲುಬದಲಾದರೆ ಖಾಲಿ ಡಿಸ್ಕನ್ನು ಮಾವನವರ ಧ್ವನಿಯ ಮೇಲೆ ಬರೆದಂತೆ ಆಗುತ್ತದೆ. ಡಿಸ್ಕುಗಳ ಪಟ್ಟಿ ತೆಗೆದು ಗಾತ್ರವನ್ನೂ ಮಾದರಿಯ ಹೆಸರನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಎಂಟರ್ ಒತ್ತುವ ಮೊದಲು ನನಗೆ ವಿಡಿಯೋ ಕರೆ ಮಾಡಿ, ಇಬ್ಬರೂ ಸೇರಿ ಓದೋಣ.

ಆಗುಂಬೆ ಘಾಟಿ · ಸೋಮವಾರ ಸಂಜೆ 5.30

ನಮ್ಮ ಪರಿಚಯದವರೊಬ್ಬರು ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಓದುತ್ತದೆ ಎಂದರು. ನನ್ನದೂ ಒಂದು ಕೆಟ್ಟಿದೆ. ಮಾಡಬಹುದೇ?

ದುರ್ಗಿಗುಡಿ ರಿಪೇರಿ · ಸೋಮವಾರ ಸಂಜೆ 6.15

ದಯವಿಟ್ಟು ಮಾಡಬೇಡಿ. ಆಗುಂಬೆಯ ಜುಲೈ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ. ಫ್ರೀಜರಿನಿಂದ ತೆಗೆದ ಲೋಹದ ಮೇಲೆ ನೀರು ಕೂರಲು ಅರ್ಧ ನಿಮಿಷ ಸಾಕು. ಅನೇಕ ಡಿಸ್ಕುಗಳಲ್ಲಿ ಗಾಳಿಯಾಡಲು ಸೋಸುಪರದೆ ಇರುವ ಸಣ್ಣ ರಂಧ್ರ ಇರುತ್ತದೆ, ತೇವ ಒಳಗೂ ಹೋಗುತ್ತದೆ. ತಟ್ಟೆಯ ಮೇಲೆ ಹನಿ ಕುಳಿತರೆ ಪ್ರಯೋಗಾಲಯದವರಿಗೂ ಕಷ್ಟ. ನಿಮ್ಮದು ಹೇಗೆ ಕೆಟ್ಟಿತು ಹೇಳಿ.

ಆಗುಂಬೆ ಘಾಟಿ · ಸೋಮವಾರ ಸಂಜೆ 6.40

ಮೇ ತಿಂಗಳ ಸಿಡಿಲಿಗೆ. ಅಡಾಪ್ಟರ್ ಇರುವ ದೊಡ್ಡ ಡಿಸ್ಕ್. ಈಗ ತಿರುಗುವುದೇ ಇಲ್ಲ, ಸದ್ದೂ ಇಲ್ಲ. ಅದೇ ಮಾದರಿಯ ಹಳೆಯ ಡಿಸ್ಕಿನ ಹಸಿರು ಬೋರ್ಡ್ ಕಿತ್ತು ಹಾಕಬಹುದೇ?

ದುರ್ಗಿಗುಡಿ ರಿಪೇರಿ · ಸೋಮವಾರ ಸಂಜೆ 7.30

ಮೊದಲು ಬೇರೆ ಅಡಾಪ್ಟರ್ ಹಾಕಿ ನೋಡಿ, ಹೊಂದುವ 12 ವೋಲ್ಟಿನದ್ದೇ ಆಗಬೇಕು. ಎಷ್ಟೋ ಸಲ ಸತ್ತಿರುವುದು ಅಡಾಪ್ಟರ್ ಮಾತ್ರ. ಅದಲ್ಲದಿದ್ದರೆ, ಬೋರ್ಡಿನ ಮೇಲೆ ಹೆಚ್ಚಿನ ವೋಲ್ಟೇಜನ್ನು ತನ್ನ ಮೇಲೆ ಹಾಕಿಕೊಂಡು ಸುಡುವ ಟಿವಿಎಸ್ ಡಯೋಡ್ ಎಂಬ ಬಿಡಿಭಾಗ ಇರುತ್ತದೆ. ಅದು ಶಾರ್ಟ್ ಆಗಿದ್ದರೆ ಡಿಸ್ಕ್ ಸತ್ತಂತೆ ಕಾಣುತ್ತದೆ, ಒಳಗೆ ಎಲ್ಲವೂ ಚೆನ್ನಾಗಿರಬಹುದು. ಬೆಸುಗೆ ಬಲ್ಲವರ ಕೈಯಲ್ಲಿ ಅದು ಸಣ್ಣ ಕೆಲಸ.

ಬೋರ್ಡನ್ನು ಹಾಗೇ ಬದಲಿಸಿದರೆ ಈಗಿನ ಡಿಸ್ಕುಗಳಲ್ಲಿ ಕೆಲಸ ಮಾಡುವುದಿಲ್ಲ. ಪ್ರತಿ ಡಿಸ್ಕಿಗೂ ಅದರದೇ ತಲೆ ಮತ್ತು ತಟ್ಟೆಗೆ ಹೊಂದಿಸಿದ ಅಳತೆಗಳನ್ನು ಬೋರ್ಡಿನ ಮೇಲಿನ ‘ರೋಮ್’ (ಆರ್‌ಒಎಂ) ಎಂಬ ಓದು-ಮಾತ್ರ ಚಿಪ್ಪಿನಲ್ಲಿ ಬರೆದಿರುತ್ತಾರೆ. ಆ ಚಿಪ್ಪನ್ನೂ ಹಳೆಯದರಿಂದ ಹೊಸದಕ್ಕೆ ಸಾಗಿಸಬೇಕು. ಡಿಸ್ಕ್ ತಂದುಕೊಡಿ, ನೋಡೋಣ. ನನಗಾಗದಿದ್ದರೆ ಆಗುವುದಿಲ್ಲ ಎಂದು ಹೇಳಿ ವಾಪಸು ಕೊಡುತ್ತೇನೆ. ಯಾರಿಗೇ ಕೊಡುವುದಿದ್ದರೂ ಒಳಗೆ ನಿಮ್ಮ ಮನೆಯ ಫೋಟೋ, ಬ್ಯಾಂಕಿನ ಕಾಗದ ಇರುತ್ತವೆ ಎಂಬುದು ನೆನಪಿರಲಿ. ಎದುರಿಗೇ ಕುಳಿತು ಮಾಡಿಸಿ.

ಸಾಗರದ ಕ್ಯಾಮೆರಾ · ಸೋಮವಾರ ರಾತ್ರಿ 9.00

ಮದುವೆ ಫೋಟೋ ತೆಗೆಯುವವನು ನಾನು. ಕಾರ್ಡ್ ಕೆಟ್ಟು ಒಂದು ಧಾರೆಯ ಮುಹೂರ್ತವನ್ನೇ ಕಳೆದುಕೊಳ್ಳುವುದರಲ್ಲಿದ್ದೆ. ಆಗ ಕೈ ಹಿಡಿದದ್ದು ಫೋಟೋರೆಕ್. ಫ್ರಾನ್ಸಿನ ಕ್ರಿಸ್ಟಾಫ್ ಗ್ರೆನಿಯರ್ ಬರೆದದ್ದು, ಟೆಸ್ಟ್‌ಡಿಸ್ಕ್ ಕೂಡ ಅವರದೇ. ಎರಡೂ ಉಚಿತ, ಮುಕ್ತ ತಂತ್ರಾಂಶ. ಹಣ ಕೇಳುವ ಯಾವುದನ್ನಾದರೂ ಕೊಳ್ಳುವ ಮೊದಲು ಇವನ್ನು ನೋಡಿ.

ಎರಡರ ಕೆಲಸ ಬೇರೆ. ಟೆಸ್ಟ್‌ಡಿಸ್ಕ್ ಪಟ್ಟಿಯನ್ನು ಹುಡುಕುತ್ತದೆ. ಪಟ್ಟಿ ಸಿಕ್ಕರೆ ಕಡತ ತನ್ನ ಹೆಸರಿನೊಂದಿಗೆ, ಫೋಲ್ಡರಿನೊಂದಿಗೆ ಬರುತ್ತದೆ. ಫೋಟೋರೆಕ್ ಪಟ್ಟಿಯನ್ನು ನೋಡುವುದೇ ಇಲ್ಲ. ಸೆಕ್ಟರ್ ಸೆಕ್ಟರ್ ದಾಟುತ್ತಾ ಫೋಟೋ ಹೀಗೆ ಶುರುವಾಗುತ್ತದೆ, ಹಾಡು ಹೀಗೆ ಶುರುವಾಗುತ್ತದೆ ಎಂಬ ಗುರುತಿನಿಂದ ಹೆಕ್ಕುತ್ತದೆ. ಸಿಕ್ಕಿದ್ದಕ್ಕೆ ಸೆಕ್ಟರಿನ ಸಂಖ್ಯೆಯೇ ಹೆಸರು. ಕಡತ ಡಿಸ್ಕಿನಲ್ಲಿ ಒಂದೇ ಉದ್ದಕ್ಕೆ ಕುಳಿತಿದ್ದರೆ ಪೂರ್ತಿ ಬರುತ್ತದೆ, ಎರಡು ಮೂರು ಕಡೆ ಹಂಚಿಹೋಗಿದ್ದರೆ ನಡುವೆ ಮುರಿಯುತ್ತದೆ. ಮೊದಲು ಟೆಸ್ಟ್‌ಡಿಸ್ಕ್, ಅದು ಸೋತರೆ ಮಾತ್ರ ಫೋಟೋರೆಕ್. ಹೆಕ್ಕಿದ್ದನ್ನು ಅದೇ ಡಿಸ್ಕಿಗೆ ಹಾಕುವ ತಪ್ಪು ಮಾತ್ರ ಬೇಡ.

ಹಾಸ್ಟೆಲ್ ಕೋಣೆ · ಮಂಗಳವಾರ ಬೆಳಗ್ಗೆ 6.50

ನಾನು ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯ (ತಿರುಗುವ ತಟ್ಟೆಯಿಲ್ಲದ, ಚಿಪ್ಪಿನ ಡಿಸ್ಕ್) ಒಂದು ಪಾರ್ಟಿಷನನ್ನು ತಪ್ಪಿ ಕ್ವಿಕ್ ಫಾರ್ಮ್ಯಾಟ್ ಮಾಡಿದೆ. ಪ್ರಾಜೆಕ್ಟ್ ವರದಿ ಅದರಲ್ಲಿತ್ತು. ಟೆಸ್ಟ್‌ಡಿಸ್ಕ್ ಓಡಿಸಿದರೆ ಕಡತಗಳೆಲ್ಲ ಬರೀ ಸೊನ್ನೆ. ನಾನು ಏನು ತಪ್ಪು ಮಾಡುತ್ತಿದ್ದೇನೆ?

ಪೆಂಗ್ವಿನ್ ಕೊಪ್ಪ · ಮಂಗಳವಾರ ಬೆಳಗ್ಗೆ 9.10

ತಮ್ಮಾ, ನಿನ್ನ ತಪ್ಪಲ್ಲ. ತಿರುಗುವ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಪಟ್ಟಿಯನ್ನು ಮಾತ್ರ ಹೊಸದಾಗಿ ಬರೆಯುತ್ತದೆ, ಒಳಗಿನದು ಹಾಗೇ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಅದರ ಜೊತೆಗೇ ‘ಟ್ರಿಮ್’ ಎಂಬ ಆಜ್ಞೆ ಕಳಿಸುತ್ತದೆ, ಈ ಜಾಗ ಇನ್ನು ಬೇಡ ಎಂದು. ಅಲ್ಲಿಂದ ಮುಂದೆ ಓದಿದರೆ ಎಸ್‌ಎಸ್‌ಡಿ ಸಾಮಾನ್ಯವಾಗಿ ಸೊನ್ನೆಯನ್ನೇ ಕೊಡುತ್ತದೆ. ಡಿಸ್ಕಿನಿಂದ ಮರಳಿ ಪಡೆಯುವ ಆಸೆ ಬಿಡುವುದೇ ಒಳ್ಳೆಯದು. ಬದಲಿಗೆ ಬೇರೆ ಕಡೆ ಹುಡುಕು: ಮಾರ್ಗದರ್ಶಕರಿಗೆ ಕಳಿಸಿದ ಮಿಂಚಂಚೆ, ವಾಟ್ಸಾಪಿನಲ್ಲಿ ಗೆಳೆಯರಿಗೆ ಕಳಿಸಿದ ಕರಡು, ಜೆರಾಕ್ಸ್ ಅಂಗಡಿಯವರ ಕಂಪ್ಯೂಟರ್. ಕೊನೆಯದನ್ನು ಇವತ್ತೇ ಹೋಗಿ ಕೇಳು, ಅವರು ವಾರಕ್ಕೊಮ್ಮೆ ಅಳಿಸಿಬಿಡುತ್ತಾರೆ.

ಲ್ಯಾಪ್‌ಟಾಪ್ ಇರುವ ಎಲ್ಲರೂ ಇನ್ನೊಂದು ನೋಡಿಕೊಳ್ಳಿ. ಡಿಸ್ಕ್ ಬಿಟ್‌ಲಾಕರಿನಲ್ಲಿ ಬೀಗ ಹಾಕಿಕೊಂಡಿದ್ದರೆ 48 ಅಂಕಿಯ ಕೀಲಿ ಇಲ್ಲದೆ ಇಲ್ಲಿ ಹೇಳಿದ ಯಾವ ಉಪಾಯವೂ ನಡೆಯುವುದಿಲ್ಲ. ಕೆಲವು ಲ್ಯಾಪ್‌ಟಾಪುಗಳಲ್ಲಿ ಅದು ತಾನಾಗಿಯೇ ಹಾಕಿಕೊಂಡಿರುತ್ತದೆ. ಕೀಲಿಯನ್ನು ಕಾಗದದಲ್ಲಿ ಬರೆದಿಡಿ.

ಶರಾವತಿ ಹಿನ್ನೀರು · ಬುಧವಾರ ಬೆಳಗ್ಗೆ 6.30

ನಿನ್ನೆ ಶಿವಮೊಗ್ಗಕ್ಕೆ ಹೋಗಿ 2 ಟಿಬಿ ಡಿಸ್ಕ್ ತಂದೆ. ರಾತ್ರಿ ಎಂಟಕ್ಕೆ ಕೊಪ್ಪದ ತಂಗಿ ವಿಡಿಯೋ ಕರೆಯಲ್ಲಿ ಸಾಲುಸಾಲಾಗಿ ಓದಿಸಿ ಶುರು ಮಾಡಿಸಿದಳು. ಎಂಟರ್ ಒತ್ತುವಾಗ ಕೈ ನಡುಗುತ್ತಿತ್ತು. ನಮ್ಮದು ಹಳೆಯ ಯುಎಸ್‌ಬಿ 2.0 ಕಿಂಡಿ, ಸೆಕೆಂಡಿಗೆ 33 ಎಂಬಿ ಅಷ್ಟೇ. ಒಟ್ಟು ಎಂಟೂವರೆ ತಾಸು ಎಂದು ತೋರಿಸಿತು.

ಹನ್ನೊಂದೂವರೆಗೆ ಕರೆಂಟು ಹೋಯಿತು. ಕತ್ತಲಲ್ಲಿ ಕುಳಿತು ಅತ್ತೆಯವರೂ ನಾನೂ ಮಾತೇ ಆಡಲಿಲ್ಲ. ಎರಡು ಗಂಟೆಗೆ ಬಂತು. ಅದೇ ಆಜ್ಞೆಯನ್ನು ಮತ್ತೆ ಕೊಟ್ಟೆ. 400 ಜಿಬಿಯ ಹತ್ತಿರ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಎದ್ದು ನಡೆಯಿತು! ಈಗಲೂ ಓಡುತ್ತಿದೆ. ಕೆಟ್ಟದ್ದು ಎಂದು ಇದುವರೆಗೆ ಸುಮಾರು 3 ಎಂಬಿ ತೋರಿಸುತ್ತಿದೆ. ಅದು ಹೆಚ್ಚೇ?

ಪೆಂಗ್ವಿನ್ ಕೊಪ್ಪ · ಬುಧವಾರ ಬೆಳಗ್ಗೆ 7.05

ಅಕ್ಕಾ, ಆ 3 ಎಂಬಿ ಎಲ್ಲವೂ ಕೆಟ್ಟಿಲ್ಲ. ಕೆಟ್ಟ ಜಾಗದ ಸುತ್ತಲಿನದನ್ನೂ ಮೊದಲ ಸುತ್ತಿನಲ್ಲಿ ಬಿಟ್ಟು ಹೋಗಿರುತ್ತದೆ. ಎರಡನೆಯ ಸುತ್ತಿನಲ್ಲಿ ಅಂಚಿನಿಂದ ಕೆರೆದು ತೆಗೆಯುತ್ತದೆ. ಮೂರು ಬಾರಿ ಮರುಯತ್ನ ಎಂದು ಕೊಡಿ, ಅದಕ್ಕಿಂತ ಹೆಚ್ಚು ಸದ್ಯಕ್ಕೆ ಬೇಡ.

ಒಂದು ಸಮಾಧಾನದ ಲೆಕ್ಕ ಹೇಳುತ್ತೇನೆ. ನೀವು ಇಳಿಸಿರುವುದು ಸಿಡಿ ಗುಣಮಟ್ಟದ ವೇವ್ ಕಡತ. ಸೆಕೆಂಡಿಗೆ 44,100 ಮಾದರಿ, ಎರಡು ಚಾನೆಲ್, ತಲಾ 2 ಬೈಟ್, ಅಂದರೆ ಸೆಕೆಂಡಿಗೆ 1,76,400 ಬೈಟ್. ಒಂದು ಕೆಟ್ಟ ತುಂಡು 4096 ಬೈಟ್. ಅದು ಧ್ವನಿಯ ನಡುವೆ ಬಿದ್ದರೆ ಹೋಗುವುದು ಸೆಕೆಂಡಿನ ನಲವತ್ತಮೂರನೆಯ ಒಂದು ಭಾಗ. ನೀವು ಜಾಗ ಉಳಿಸಲು ಜಿಪ್ ಮಾಡಿಟ್ಟಿದ್ದರೆ ಅದೇ ತುಂಡಿನಿಂದ ಇಡೀ ಕಡತ ತೆರೆಯದೆ ಹೋಗಬಹುದಿತ್ತು. ವೇವ್ ಆಗಿಯೇ ಇಟ್ಟದ್ದು ತುಂಬ ಒಳ್ಳೆಯದಾಯಿತು.

ಡಿಟಿಪಿ ಭದ್ರಾವತಿ · ಬುಧವಾರ ಮಧ್ಯಾಹ್ನ 12.30

ಈ ಚರ್ಚೆ ಓದಿ ನನ್ನ ಅನುಭವವನ್ನೂ ಸೇರಿಸಬೇಕೆನಿಸಿತು. ಬೆರಳಚ್ಚು ಕೇಂದ್ರ ನಡೆಸುತ್ತೇನೆ. ನನ್ನ ಹಳೆಯ ಡಿಸ್ಕಿನಿಂದ ಫೋಟೋರೆಕ್ ಹೆಕ್ಕಿಕೊಟ್ಟದ್ದು ಹನ್ನೊಂದು ಸಾವಿರ ವರ್ಡ್ ಕಡತ, ಒಂದಕ್ಕೂ ಹೆಸರಿಲ್ಲ. ದೇವಸ್ಥಾನದ ಲೆಕ್ಕಪತ್ರ ಬೇಕಿತ್ತು. ‘ದೇವಸ್ಥಾನ’ ಎಂದು ಯೂನಿಕೋಡಿನಲ್ಲಿ ಹೊಡೆದು ಕಡತಗಳ ಒಳಗೆ ಹುಡುಕಿದೆ. ಒಂದೂ ಸಿಗಲಿಲ್ಲ. ಎಲ್ಲ ಹಾಳಾಗಿದೆ ಎಂದು ಅತ್ತೂ ಆಯಿತು.

ಹಾಳಾಗಿರಲಿಲ್ಲ. ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದು ಕಡತದೊಳಗೆ ಕನ್ನಡವಾಗಿ ಕುಳಿತಿರುವುದಿಲ್ಲ. ರೋಮನ್ ಅಕ್ಷರ, ಚಿಹ್ನೆಗಳ ಸಾಲಾಗಿ ಕುಳಿತಿರುತ್ತದೆ, ಅಕ್ಷರಶೈಲಿ ಅದಕ್ಕೆ ಕನ್ನಡದ ರೂಪ ತೊಡಿಸುತ್ತದೆ ಅಷ್ಟೇ. ಹಾಗಾಗಿ ಬೇಕಾದ ಪದವನ್ನು ಅದೇ ಹಳೆಯ ಶೈಲಿಯಲ್ಲಿ ಬೆರಳಚ್ಚು ಮಾಡಿ, ಆ ಚಿಹ್ನೆಗಳ ಸಾಲನ್ನು ನಕಲಿಸಿ ಹುಡುಕುಪೆಟ್ಟಿಗೆಗೆ ಹಾಕಿದೆ. ನಲವತ್ತೊಂದು ಕಡತ ಸಾಲಾಗಿ ಬಂದು ನಿಂತವು. ಮಠದ, ಸೊಸೈಟಿಯ, ಶಾಲೆಯ ಹಳೆಯ ಕಾಗದಗಳು ಹೀಗೆ ಎಷ್ಟು ಡಿಸ್ಕುಗಳಲ್ಲಿ ‘ಕೆಟ್ಟಿವೆ’ ಎನ್ನಿಸಿಕೊಂಡು ಮೂಲೆಗೆ ಬಿದ್ದಿವೆಯೋ. ಒಮ್ಮೆ ಹೀಗೆ ನೋಡಿ, ಆಮೇಲೆ ಬಿಸಾಡಿ.

ಶರಾವತಿ ಹಿನ್ನೀರು · ಗುರುವಾರ ರಾತ್ರಿ 10.15

ಇಮೇಜ್ ಮುಗಿಯಿತು. ಕೊನೆಗೆ ಓದಲಾಗದೆ ಉಳಿದದ್ದು 56 ಕೆಬಿ ಮಾತ್ರ. ಮೂಲ ಡಿಸ್ಕ್ ಈಗ ಅತ್ತೆಯವರ ಸೀರೆಯ ಪೆಟ್ಟಿಗೆಯಲ್ಲಿದೆ.

ಇವತ್ತು ಇಮೇಜನ್ನು ಟೆಸ್ಟ್‌ಡಿಸ್ಕಿನಲ್ಲಿ ತೆರೆದೆವು. ಹುಡುಕಿ ಎರಡು ನಿಮಿಷಕ್ಕೆ, ಬ್ಯಾಕಪ್ ಸೆಕ್ಟರಿನಿಂದ ಎನ್‌ಟಿಎಫ್‌ಎಸ್ ಸಿಕ್ಕಿದೆ ಎಂದು ತೋರಿಸಿತು. ಬಾಂದುಕಲ್ಲು ಅಣ್ಣ, ನೀವು ಹೇಳಿದ ಕೊನೆಯ ಕಲ್ಲೇ ಅದು! ‘ಪಿ’ ಒತ್ತಿದಾಗ ಫೋಲ್ಡರುಗಳ ಪಟ್ಟಿ ಬಂತು. ಎಲ್ಲವನ್ನೂ ಹೊಸ ಡಿಸ್ಕಿಗೆ ನಕಲಿಸಿದೆ, ಬರೆಯುವ ಗುಂಡಿಯ ಹತ್ತಿರ ಹೋಗಲಿಲ್ಲ. ಎಣಿಸಿದರೆ 276. ನಾಲ್ಕು ಇಲ್ಲ. ಅವು ಒಂದರ ಹಿಂದೆ ಒಂದು ಇಳಿಸಿದ ಎರಡು ಕ್ಯಾಸೆಟ್, ಎರಡೂ ಬದಿ.

ಪೆಂಗ್ವಿನ್ ಕೊಪ್ಪ · ಗುರುವಾರ ರಾತ್ರಿ 10.50

ಏಕೆಂದು ಗೊತ್ತಾಯಿತು ಅಕ್ಕಾ. ಓದಲಾಗದ 56 ಕೆಬಿ ಎಂದರೆ 14 ತುಂಡು. ಮ್ಯಾಪನ್ನು ಕಡತಗಳ ಸ್ಥಾನದೊಂದಿಗೆ ಹೋಲಿಸಿ ನೋಡಿದೆ. ಏಳು ತುಂಡು ಖಾಲಿ ಜಾಗದಲ್ಲಿವೆ. ಒಂದು ಬೂಟ್ ಸೆಕ್ಟರ್. ಮೂರು ಫೋಟೋಗಳಲ್ಲಿ, ಎರಡು ಧ್ವನಿ ಕಡತಗಳಲ್ಲಿ. ಉಳಿದ ಒಂದು ಬಿದ್ದಿರುವುದು ಎಂಎಫ್‌ಟಿಯಲ್ಲಿ, ಅಂದರೆ ಎಲ್ಲ ಕಡತಗಳ ಹೆಸರೂ ವಿಳಾಸವೂ ಇರುವ ದೊಡ್ಡ ರಿಜಿಸ್ಟರಿನಲ್ಲಿ. ಅದರಲ್ಲಿ ಒಂದು ಕಡತದ ದಾಖಲೆ 1024 ಬೈಟ್. 4096 ಬೈಟ್ ಹೋದರೆ ನಾಲ್ಕು ಕಡತ. ನಿಮ್ಮ ನಾಲ್ಕೂ ಅವೇ. ದಾಖಲೆ ಹೋಗಿದೆ, ಧ್ವನಿ ಹೋಗಿಲ್ಲ. ಇನ್ನು ಫೋಟೋರೆಕ್. ವೇವ್ ಒಂದನ್ನೇ ಆಯ್ದುಕೊಂಡು ಇಮೇಜಿನ ಮೇಲೆ ಓಡಿಸಿ.

ಶರಾವತಿ ಹಿನ್ನೀರು · ಶನಿವಾರ ಸಂಜೆ 4.20

ಫೋಟೋರೆಕ್ 280 ವೇವ್ ಕಡತ ಹೆಕ್ಕಿತು, ಎಲ್ಲವೂ ಸಂಖ್ಯೆಗಳು. ಆಗಲೇ ಸಿಕ್ಕಿದ್ದ 276 ರೊಂದಿಗೆ ತಂಗಿ ಹ್ಯಾಷ್ (ಪ್ರತಿ ಕಡತದ ಬೆರಳಗುರುತಿನಂಥ ಸಂಖ್ಯೆ) ತಾಳೆ ನೋಡಿ ಉಳಿದ ನಾಲ್ಕನ್ನು ಬೇರ್ಪಡಿಸಿಕೊಟ್ಟಳು. ಯಾವುದು ಯಾವುದೆಂದು ಕೇಳಿಯೇ ತಿಳಿಯಬೇಕಿತ್ತು.

ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಮೊದಲನೆಯದರಲ್ಲಿ ಹಂಚಿನ ಮೇಲೆ ಮಳೆ ಬೀಳುವ ಸದ್ದು, ಮದ್ದಲೆಯ ಶ್ರುತಿ ಮಾಡುವುದು. ಆಮೇಲೆ ಎರಡು ಬಾರಿ ಕೆಮ್ಮು. ಅರ್ಥ ಶುರು ಮಾಡುವ ಮೊದಲು ಮಾವನವರು ಯಾವಾಗಲೂ ಎರಡು ಬಾರಿ ಕೆಮ್ಮುತ್ತಿದ್ದರು. ಅತ್ತೆಯವರು ಕಣ್ಣು ಮುಚ್ಚಿಕೊಂಡೇ, ‘ಇದು ನಮ್ಮ ಮನೆಯ ಜಗುಲಿ, ವಾಲಿಯ ಅರ್ಥ, ಆ ವರ್ಷ ಹೊಳೆ ಗದ್ದೆಗೆ ಬಂದಿತ್ತು’ ಎಂದರು. ಟ್ರಂಕಿನಲ್ಲಿ ಹುಡುಕಿದೆ. ಮಾವನವರ ಕೈಬರಹದ ಪಟ್ಟಿಯಲ್ಲಿ ಅದೇ ಇತ್ತು.

ಕೆಟ್ಟ ತುಂಡು ಬಿದ್ದ ಎರಡು ಕಡತಗಳನ್ನೂ ಕೇಳಿದೆ. ಎಲ್ಲಿ ಕಡಿದಿದೆಯೆಂದು ನನ್ನ ಕಿವಿಗೆ ಗೊತ್ತಾಗಲಿಲ್ಲ. ಮೂರು ಫೋಟೋಗಳಲ್ಲಿ ಅರ್ಧ ಬೂದಿ ಬಣ್ಣ, ಅವು ಮತ್ತೆ ತೆಗೆಯಬಹುದಾದ ತೋಟದ ಫೋಟೋಗಳು.

ನಾಲ್ಕರಲ್ಲಿ ಮೂರು ಪೂರ್ತಿ ಇವೆ. ವಾಲಿಯ ಅರ್ಥದ ಎರಡನೆಯ ಬದಿ ಮಾತ್ರ 11 ನಿಮಿಷ ನಡೆದು, ವಾಲಿ ರಾಮನನ್ನು ಕೇಳುವ ಜಾಗಕ್ಕೆ ಬರುತ್ತಿದ್ದಂತೆ ಬರೀ ಗರಗರ ಸದ್ದಾಗುತ್ತದೆ.

ಸಾಗರದ ಕ್ಯಾಮೆರಾ · ಶನಿವಾರ ಸಂಜೆ 5.00

ಆ ಕಡತ ಎರಡು ತುಂಡಾಗಿ ಕುಳಿತಿರಬೇಕು. ನಡುವಿನ ಜೋಡಣೆಯ ವಿಳಾಸ ಹೋದ ದಾಖಲೆಯಲ್ಲೇ ಇತ್ತು. ಎರಡನೆಯ ತುಂಡಿಗೆ ಶುರುವಿನ ಗುರುತು ಇರುವುದಿಲ್ಲ, ಹುಡುಕುವುದು ಬಹಳ ಕಷ್ಟ. ಆ ಕ್ಯಾಸೆಟ್ ಎಸೆದಿರಾ, ಇದೆಯೇ?

ಶರಾವತಿ ಹಿನ್ನೀರು · ಶನಿವಾರ ಸಂಜೆ 5.25

ಇದೆ! ಟ್ರಂಕಿನಲ್ಲಿ ಉಳಿದ ಮೂವತ್ತರಲ್ಲಿ ಅದೂ ಒಂದು. ಅಂಚಿನಲ್ಲಿ ಬಿಳಿ ಬೂಷ್ಟು ಇದೆ, ಟೇಪ್ ತುಂಡಾಗಿಲ್ಲ. ಆದರೆ ನಮ್ಮ ಟೇಪ್ ರೆಕಾರ್ಡರಿನ ಬೆಲ್ಟ್ ಸಡಿಲವಾಗಿ ಧ್ವನಿ ಎಳೆಯುತ್ತದೆ. ಸರಿಯಾಗಿ ತಿರುಗುವ ಟೇಪ್ ರೆಕಾರ್ಡರ್ ಯಾರ ಬಳಿಯಾದರೂ ಇದೆಯೇ?

ಬಾಂದುಕಲ್ಲು · ಶನಿವಾರ ಸಂಜೆ 5.40

ನನ್ನಲ್ಲಿದೆ ತಂಗೀ. ಹೋದ ವರ್ಷ ಬೆಲ್ಟ್ ಬದಲಿಸಿದ್ದೇನೆ. ಬೂಷ್ಟು ಇರುವ ಟೇಪನ್ನು ಹಾಗೇ ಓಡಿಸಬೇಡಿ, ಹೆಡ್ಡಿಗೆ ಮೆತ್ತಿಕೊಂಡು ಟೇಪನ್ನೇ ಗೀರುತ್ತದೆ. ಒಣ ಜಾಗದಲ್ಲಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಿ. ಸೋಮವಾರ ಬೆಳಗಿನ ಬಸ್ಸಿಗೆ ಹೊಸನಗರಕ್ಕೆ ಬರುತ್ತೇನೆ, ಮೆಲ್ಲಗೆ ಒರೆಸಿ ಇಬ್ಬರೂ ಕುಳಿತು ಇಳಿಸೋಣ.

ದುರ್ಗಿಗುಡಿ ರಿಪೇರಿ · ಶನಿವಾರ ಸಂಜೆ 6.10

ಅಕ್ಕಾ, ಬಾಂದುಕಲ್ಲು ಅಣ್ಣನ ಕೈಯಲ್ಲಿ ಒಂದು ಪ್ರತಿ ಕಳಿಸಿ. ತೀರ್ಥಹಳ್ಳಿಯಲ್ಲಿ ಅವರ ಮನೆಯಲ್ಲೊಂದು, ಶಿವಮೊಗ್ಗದಲ್ಲಿ ನನ್ನ ಅಂಗಡಿಯ ಕಪಾಟಿನಲ್ಲೊಂದು ಇರಲಿ. ಡಿಸ್ಕ್ ನಾನು ಕೊಡುತ್ತೇನೆ.